ನನ್ನಂಥವನಿಗೆ ಬುದ್ಧ ಎಟುಕುತ್ತಾನಾ?

ಪ್ರಶ್ನೆ: ಸರ್, ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 36. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಓದು ಬಿಟ್ಟೆ. ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ ಅಪ್ಪನ ಕಾಲದಿಂದ ಮನೆಯಲ್ಲಿವೆ. ಬುದ್ಧ ಏನು ಹೇಳಿದ ಅಂತ ತಿಳಿಯುವ ಆಸೆಯಿಂದ ಎರಡು ವರ್ಷ ಭಾನುವಾರದ ಓದಿನ ಗುಂಪಿಗೆ ಹೋದೆ. ಅಲ್ಲಿ ಲೆಕ್ಚರರು, ವಕೀಲರು, ಬ್ಯಾಂಕಿನವರು ಬರುತ್ತಾರೆ. ಅವರ ಮಾತು ನನ್ನಂಥವನಿಗೆ ಎಟುಕಲ್ಲ. ಒಂದು ಪುಟ ಹತ್ತು ಸಲ ಓದಿದರೂ ತಲೆಗೆ ಹೋಗಲ್ಲ. ಹೋದ ತಿಂಗಳು ಗಾಥೆ (ಪದ್ಯ) ಓದಲು ಹೇಳಿದರು. 'ಧ' ಇರುವಲ್ಲಿ 'ದ' ಅಂದೆ. ಇಬ್ಬರು ನಕ್ಕರು. ಅವತ್ತಿಂದ ಹೋಗಿಲ್ಲ. ಹಿರಿಯರೊಬ್ಬರು 'ಹಿಂದಿನ ಕರ್ಮ ಇದ್ದಂಗ ಬುದ್ಧಿ. ನೀನು ವಂದನೆ ಹೇಳ್ಕೊಂಡಿರು, ಸಾಕು' ಅಂದರು. ಮದುವೆ, ಜಾತ್ರೆಯಲ್ಲಿ ಒಂದೆರಡು ಗುಟುಕು ಕುಡಿದದ್ದೂ ಇದೆ. ಅದೂ ಚುಚ್ಚುತ್ತೆ. ಮೊದಲು ಈ ಕೀಳರಿಮೆ ಕಳೆದುಕೊಂಡು ಆಮೇಲೆ ಓದಬೇಕಾ? ಇಲ್ಲಾ ಬಿಟ್ಟುಬಿಡಲಾ? (ಪತ್ರವನ್ನು ಚಿಕ್ಕದು ಮಾಡಿದೆ.)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪುಟ ತಲೆಗೆ ಹೋಗಲ್ಲ ಅಂತ ಒಂದೇ ಕಡೆ ಬರೆದಿದ್ದೀರಿ. 'ನನ್ನಂಥವನಿಗೆ' ಅನ್ನುವ ಮಾತು ಪೂರ್ತಿ ಪತ್ರದಲ್ಲಿ ಐದು ಕಡೆ ಇದೆ. ಎಣಿಸಿದೆ. ಇವೆರಡೂ ಬೇರೆ ಬೇರೆ ತೊಂದರೆ. ಒಂದು ಪುಸ್ತಕದ್ದು, ಇನ್ನೊಂದು ಮನಸ್ಸಿನದು. ನೀವು ಎರಡನ್ನೂ ಒಂದೇ ಗಂಟು ಕಟ್ಟಿ ತಲೆ ಮೇಲೆ ಹೊತ್ತಿದ್ದೀರಿ.

ನೇರ ಉತ್ತರ ಮೊದಲು ಹೇಳಿಬಿಡ್ತೀನಿ. ಬಿಡಬೇಡಿ. ಕೀಳರಿಮೆ ಹೋದ ಮೇಲೆ ಓದೋಣ ಅಂತ ಕಾಯಲೂ ಬೇಡಿ. ಈಜು ಬಂದ ಮೇಲೆ ಬಾವಿಗೆ ಇಳೀತೀನಿ ಅಂದ ಹಾಗಾಗುತ್ತೆ ಅದು.

ಹದಿನೆಂಟು ವರ್ಷದಿಂದ ಬಳ್ಳಾರಿ, ರಾಯಚೂರು ಕಡೆಯ ಗುಂಪುಗಳಲ್ಲಿ ಪಾಲಿ, ಅಂದರೆ ಬುದ್ಧನ ಮಾತುಗಳು ಉಳಿದುಬಂದಿರುವ ಹಳೆಯ ಭಾಷೆ, ಹೇಳಿಕೊಡುತ್ತಿದ್ದೇನೆ. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ. ಕೇಳದೆ ಎದ್ದುಹೋದವರೇ ಜಾಸ್ತಿ. ನಾಲ್ಕನೇ ವಾರಕ್ಕೆ ಬಾಗಿಲ ಹೊರಗೆ ಚಪ್ಪಲಿ ಕಡಿಮೆಯಾಗಿರುತ್ತವೆ. ಯಾರು ಬಂದಿಲ್ಲ ಅಂತ ನೋಡಿದರೆ, ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದವರೇ ಬಂದಿರುವುದಿಲ್ಲ. ಮುಂದೆ ಕೂತವರು ಇದನ್ನು ಗಮನಿಸುವುದೂ ಇಲ್ಲ.

ನಿಮ್ಮೂರಿಂದ ಮಸ್ಕಿಗೆ ಬಸ್ಸಿನಲ್ಲಿ ತಾಸಿನೊಳಗಿನ ದಾರಿ. ಅಲ್ಲಿನ ಬೆಟ್ಟದ ಬಂಡೆ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಒಂದೇ ವಿಷಯ: 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಗೊತ್ತಾಗಿದ್ದು ಈ ಶಾಸನದಿಂದ. ಒಂದು ಮಾರ್ಕಿನ ಪ್ರಶ್ನೆ. ಆ ಬಂಡೆ ಮೇಲೆ ಏನು ಬರೆದಿದೆ ಅಂತ ಯಾರೂ ಓದಿಸಲಿಲ್ಲ.

ಬರೆದಿರುವುದರ ತಿರುಳು ಹೀಗಿದೆ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಗುರಿ ಮುಟ್ಟಬಹುದು. ದೊಡ್ಡವರಿಗೆ ಮಾತ್ರ ಸಿಗುತ್ತೆ ಅಂತ ತಿಳಿಯಬಾರದು. ಈ ಮಾತನ್ನು ಸಣ್ಣವರಿಗೂ ಹೇಳಬೇಕು, ದೊಡ್ಡವರಿಗೂ ಹೇಳಬೇಕು. ಸಣ್ಣವನಿಗೆ ಅಲ್ಲಿರುವ ಪದ 'ಖುದಕ'. ಸಂಸ್ಕೃತದ ಕ್ಷುದ್ರಕ. ಇಲ್ಲಿ ಅದು ಬೈಗುಳ ಅಲ್ಲ. ಹಣ, ಹುದ್ದೆ, ಹೆಸರು ಇಲ್ಲದವನು ಅಂತ ಅರ್ಥ. ಇದೇ ಸಂದೇಶ ಕೊಪ್ಪಳದ ಗವಿಮಠದ ಬಂಡೆ ಮೇಲೂ ಇದೆ, ಪಾಲ್ಕಿಗುಂಡಿನಲ್ಲೂ ಇದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇದೆ. ಸ್ವಲ್ಪ ಯೋಚನೆ ಮಾಡಿ. 'ಇದು ನನ್ನಂಥವನಿಗಲ್ಲ' ಅಂತ ಆಗಲೂ ಜನ ಅಂದುಕೊಳ್ಳುತ್ತಿದ್ದರು, ಇಲ್ಲವೇ ಯಾರೋ ಅವರಿಗೆ ಹಾಗೆ ಹೇಳುತ್ತಿದ್ದರು. ಇಲ್ಲದಿದ್ದರೆ ಕ್ರಿಸ್ತಪೂರ್ವ 3ನೇ ಶತಮಾನದ ರಾಜನೊಬ್ಬ ಇಷ್ಟು ಕಡೆ ಕಲ್ಲು ಕೊರೆಸಿ ಇದನ್ನು ಯಾಕೆ ಹೇಳಬೇಕಿತ್ತು?

ಇದೇ ಶಾಸನದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಪ್ರತಿಯಲ್ಲಿ ಇನ್ನೂ ಒಂದು ಮಾತಿದೆ. ತಾನು ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಗಟ್ಟಿಯಾಗಿ ಪ್ರಯತ್ನ ಪಡಲಿಲ್ಲ ಅಂತ ಅಶೋಕನೇ ಒಪ್ಪಿಕೊಂಡಿದ್ದಾನೆ. ನೀವಾದರೆ ಎರಡು ವರ್ಷ ತಪ್ಪದೆ ಹೋಗಿದ್ದೀರಿ.

ಈಗ ಆ 'ದ'ಕಾರದ ವಿಷಯ. ನಾನೂ ನಗಿಸಿಕೊಂಡವನೇ. ಮೊದಲ ಸಲ ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದುವಾಗ 'ಸಂಖಾರ' ಅನ್ನುವ ಪದವನ್ನು ನಮ್ಮೂರ ನಾಲಿಗೆಯಲ್ಲಿ 'ಸಂಕಾರ' ಅಂದೆ. ಮುಂದಿನ ಸಾಲಿನವರೊಬ್ಬರು ಎದ್ದು ನಿಂತು ನನ್ನಿಂದ ಮೂರು ಸಲ ಹೇಳಿಸಿದರು, ಒಂದನೇ ಕ್ಲಾಸಿನ ಹುಡುಗನಿಗೆ ಹೇಳಿಸಿದ ಹಾಗೆ. ಮೂರನೇ ಸಲವೂ ತಪ್ಪಿತು. ಬೆವರಿಗೆ ಹಾಳೆ ಬೆರಳಿಗೆ ಅಂಟಿಕೊಂಡಿತ್ತು. ಅರ್ಧಕ್ಕೇ ಮಡಚಿ ಇಳಿದುಬಂದೆ. ಆಮೇಲೆ ಎರಡು ವರ್ಷ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಹಾಗಾಗಿ 'ನಕ್ಕರೆ ನಗಲಿ ಬಿಡಿ' ಅಂತ ನಿಮಗೆ ಹೇಳಲಾರೆ. ಹೇಳುವವರಿಗೆ ಸುಲಭ ಅದು.

ಆದರೆ ಕೆಲವು ಸಂಗತಿ ಗೊತ್ತಿರಲಿ. ಪಾಲಿಗೆ ತನ್ನದೇ ಲಿಪಿ ಇಲ್ಲ. ಸಿಂಹಳದವರು ಸಿಂಹಳ ಲಿಪಿಯಲ್ಲಿ, ಬರ್ಮಾದವರು ಬರ್ಮೀ ಲಿಪಿಯಲ್ಲಿ ಬರೆದುಕೊಂಡರು. ನೀವು ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಒಂದಕ್ಷರವೂ ಕೆಡುವುದಿಲ್ಲ. ಪಾಲಿಯಲ್ಲಿ 'ಶ' ಇಲ್ಲ, 'ಷ' ಇಲ್ಲ, ಇರುವುದು 'ಸ' ಒಂದೇ. 'ಋ' ಇಲ್ಲ, 'ಐ', 'ಔ' ಕೂಡ ಇಲ್ಲ. ನಮ್ಮ ಕಡೆಯವರನ್ನು ಆಡಿಕೊಳ್ಳುವುದು ಹೆಚ್ಚಾಗಿ 'ಶ', 'ಸ' ವಿಷಯದಲ್ಲೇ ಅಲ್ವಾ? ಆ ತಪ್ಪು ಪಾಲಿಯಲ್ಲಿ ಮಾಡಲಿಕ್ಕೇ ಬರುವುದಿಲ್ಲ. ಕರ್ಮ ಅಲ್ಲಿ 'ಕಮ್ಮ', ಧರ್ಮ 'ಧಮ್ಮ', ಮನುಷ್ಯ 'ಮನುಸ್ಸ'. ನಮ್ಮ ಹಳ್ಳಿಯ ಮುದುಕಿ 'ಮನಸ್ಯಾ' ಅಂದಾಗ ನಾಲಿಗೆ ಹಿಡಿಯುವುದೂ ಅದೇ ಸಲೀಸು ದಾರಿಯನ್ನೇ.

ಮಹಾಪ್ರಾಣ ಮಾತ್ರ ಪಾಲಿಯಲ್ಲಿ ಇದೆ, ಅದನ್ನು ಕಲಿಯಬೇಕು. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಕ' ಅನ್ನಿ, ಆಮೇಲೆ 'ಖ' ಅನ್ನಿ. 'ಖ' ಅಂದಾಗ ಅಂಗೈಗೆ ಗಾಳಿ ತಾಕಬೇಕು. ಅದು ಬಂದ ಮೇಲೆ 'ದ', 'ಧ'. ಮಿಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಧೈರ್ಯವಾಗಿ ಹೇಳಿಕೊಳ್ಳಿ. ನನಗೆ ಹತ್ತು ದಿನ ಹಿಡಿಯಿತು.

ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತೆ. ಬ್ರಾಹ್ಮಣ ಕುಲದಿಂದ ಬಂದ, ಮಾತಿನಲ್ಲಿ ಪಳಗಿದ ಇಬ್ಬರು ಭಿಕ್ಷುಗಳು ಬುದ್ಧನ ಹತ್ತಿರ ಬಂದು ದೂರು ಹೇಳಿದರು. ನಾನಾ ಜಾತಿ, ನಾನಾ ಊರಿನವರು ಸಂಘಕ್ಕೆ ಬಂದಿದ್ದಾರೆ, ತಮ್ಮ ತಮ್ಮ ನುಡಿಯಲ್ಲಿ ಹೇಳಿ ನಿಮ್ಮ ಮಾತನ್ನು ಕೆಡಿಸುತ್ತಿದ್ದಾರೆ, ವೇದದ ಛಂದಸ್ಸಿಗೆ ಹೊಂದಿಸಿಬಿಡೋಣ ಅಂತ. ಬುದ್ಧ ಅವರನ್ನೇ ಗದರಿಸಿದ. ಅವರವರ ನುಡಿಯಲ್ಲೇ ಕಲಿಯಲು ಅಪ್ಪಣೆ ಕೊಟ್ಟ. ಆ ಸಾಲಿಗೆ ಹಳೆಯ ಟೀಕಾಕಾರರು ಬೇರೆ ಅರ್ಥ ಹೇಳಿದ್ದೂ ಉಂಟು. ಆದರೆ ಛಂದಸ್ಸಿಗೆ ಹೊಂದಿಸಬಾರದು ಅಂದದ್ದರ ಬಗ್ಗೆ ಜಗಳ ಇಲ್ಲ.

ಇನ್ನು ಹತ್ತು ಸಲ ಓದಿದರೂ ತಲೆಗೆ ಹೋಗದ ಆ ಪುಟ. ಅದರಲ್ಲಿ ಅರ್ಧ ತಪ್ಪು ಪುಸ್ತಕದ್ದೇ ಅಂತ ನನ್ನ ಅಂದಾಜು. ಬೌದ್ಧ ವಿಷಯದ ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಪಾಲಿ ಪದವನ್ನು ಬಿಡಿಸಿ ಹೇಳುವ ಬದಲು ಇನ್ನೂ ಉದ್ದದ ಸಂಸ್ಕೃತ ಪದ ತಂದು ಕೂರಿಸಿರುತ್ತಾರೆ. 'ಪಟಿಚ್ಚಸಮುಪ್ಪಾದ' ತಿಳಿಯದವನಿಗೆ 'ಪ್ರತೀತ್ಯಸಮುತ್ಪಾದ' ಅಂದರೆ ಏನು ಉಪಯೋಗ? ಎಂ.ಎ. ಮಾಡಿದವರೂ ಆ ಸಾಲನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ನೀವು ದಾಟಲಿಲ್ಲ, ನಿಂತಿರಿ. ಅದನ್ನು ನೀವು ದಡ್ಡತನ ಅಂತೀರಿ.

ನಮ್ಮ ಓದಿಗೆ ಮಾನ್ವಿ ಕಡೆಯ ಹಮಾಲರೊಬ್ಬರು ಬರುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಅವರಿಗೆ ಎರಡು ಎಕರೆ. ಒಂದು ಭಾನುವಾರ ಇದೇ ಪದವನ್ನು ನಾನು ಮುಕ್ಕಾಲು ತಾಸು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಅವರು ಮಾತ್ರ, 'ಸರ್, ಮ್ಯಾಲಿನೋರು ತೂಬು ಎತ್ತಿದ್ರ ನಮಗ ನೀರು ಬರಂಗಿಲ್ಲ. ನೀರು ಇಲ್ಲಂದ್ರ ನೆಲ್ಲು ಇಲ್ಲ, ನೆಲ್ಲು ಇಲ್ಲಂದ್ರ ಸಾಲ, ಸಾಲ ಇದ್ರ ಮನ್ಯಾಗ ಜಗಳ. ಯಾವ್ದೂ ತಾನ ಹುಟ್ಟಿಲ್ಲ. ಇದ ಅಲ್ಲೇನ್ರಿ ನೀವು ಹೇಳಾದು?' ಅಂದರು. ಹೌದು, ಅದೇ. 'ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದು ಇಲ್ಲ' ಅಂತಲೇ ಸುತ್ತದಲ್ಲಿ, ಅಂದರೆ ಬುದ್ಧನ ಉಪದೇಶದ ಪಾಠದಲ್ಲಿ, ಇರುವುದು. ಅವತ್ತಿಂದ ಆ ಪಾಠವನ್ನು ನಾನು ಕಾಲುವೆಯಿಂದಲೇ ಶುರು ಮಾಡುತ್ತೇನೆ. ಜೊತೆಗೆ, ಸೀಸನ್ನಿನಲ್ಲಿ ಹನ್ನೆರಡು ತಾಸು ಲೆಕ್ಕದ ಪುಸ್ತಕ ನೋಡಿದ ಕಣ್ಣು ರಾತ್ರಿ ಹತ್ತಕ್ಕೆ ಸುತ್ತ ಓದಲು ಒಪ್ಪದಿದ್ದರೆ, ಅದು ಬರೀ ದಣಿವು.

ಮುಖ್ಯವಾದ ವಿಷಯಕ್ಕೆ ಬರ್ತೀನಿ. ಕೀಳರಿಮೆ ಅಂದರೆ ವಿನಯ, ಒಳ್ಳೆಯ ಗುಣ ಅಂತ ಬಹಳ ಜನ ತಿಳಿದಿದ್ದಾರೆ. ಬೌದ್ಧ ಪಠ್ಯಗಳು ಹಾಗೆ ನೋಡುವುದಿಲ್ಲ. ಪಾಲಿಯಲ್ಲಿ 'ಮಾನ' ಅನ್ನುವ ಪದ ಇದೆ. ಅಹಂಕಾರ ಅಂತ ಅನುವಾದ ಮಾಡುತ್ತಾರೆ, ಆದರೆ ಅಳತೆ ಅನ್ನುವುದು ಅದಕ್ಕೆ ಹತ್ತಿರ. ನಾನು ಅವನಿಗಿಂತ ಮೇಲು ಅನ್ನುವುದು ಒಂದು ಮಾನ. ನಾನೂ ಅವನೂ ಸಮ ಅನ್ನುವುದು ಇನ್ನೊಂದು. ನಾನು ಅವನಿಗಿಂತ ಕೀಳು ಅನ್ನುವುದು ಮೂರನೆಯದು, ಹೀನಮಾನ. ಮೂರರಲ್ಲೂ ತಕ್ಕಡಿ ಒಂದೇ. ನಡುವೆ 'ನಾನು' ಕೂತಿರುತ್ತೆ, ಆಚೆ ತಟ್ಟೆಯಲ್ಲಿ ಇನ್ನೊಬ್ಬರು. ನಿಮ್ಮನ್ನು ನೋಡಿ ನಕ್ಕ ಇಬ್ಬರು ಮೊದಲನೆಯದರಲ್ಲಿದ್ದಾರೆ, ನೀವು ಮೂರನೆಯದರಲ್ಲಿದ್ದೀರಿ. ಪಾಠ ಮಾತ್ರ ಇಬ್ಬರಿಗೂ ಒಂದೇ.

ಇದರಲ್ಲೊಂದು ಸಮಾಧಾನವೂ ಇದೆ. ಮನುಷ್ಯನನ್ನು ಕಟ್ಟಿಹಾಕುವ ಹತ್ತು ಸಂಯೋಜನಗಳಲ್ಲಿ ಮಾನವೂ ಒಂದು, ಅದೂ ಕೊನೆಯಲ್ಲಿ ಬಿಡುವ ಐದರಲ್ಲಿ. ಅರಹಂತನಾಗುವವರೆಗೂ, ಅಂದರೆ ಎಲ್ಲ ಕಟ್ಟೂ ಕಳಚುವವರೆಗೂ, ಅದು ಪೂರ್ತಿ ಹೋಗುವುದಿಲ್ಲ. ಖೇಮಕ ಅನ್ನುವ ಹಿರಿಯ ಭಿಕ್ಷು ಕಾಯಿಲೆ ಬಿದ್ದಾಗ ಇದನ್ನು ಹೇಳಿದ್ದಾನೆ. ಅಗಸ ಸವಳು, ಸಗಣಿ ಹಾಕಿ ಬಟ್ಟೆ ಒಗೆಯುತ್ತಾನೆ. ಕೊಳೆ ಹೋಗುತ್ತೆ, ಆದರೆ ಒಗೆದ ವಾಸನೆ ಉಳಿದಿರುತ್ತೆ. 'ನಾನು' ಅನ್ನುವುದು ಹಾಗೆ ಉಳಿದಿದೆ ಅಂದ. ಅಂಥವರಿಗೇ ಹಾಗಿರುವಾಗ, ಕೀಳರಿಮೆ ಪೂರ್ತಿ ಕಳೆದುಕೊಂಡು ಆಮೇಲೆ ಓದಲು ಕೂರುತ್ತೇನೆ ಅಂದರೆ ಪರೀಕ್ಷೆ ಪಾಸಾಗಿ ಆಮೇಲೆ ಶಾಲೆಗೆ ಸೇರಿದ ಹಾಗಲ್ವಾ?

ಆದರೆ ಇಲ್ಲಿ ಒಂದು ಎಚ್ಚರ ಬೇಕು, ಇದನ್ನು ನಮ್ಮ ಅನೇಕ ಉಪನ್ಯಾಸಕರು ಹೇಳುವುದಿಲ್ಲ. ತಲೆಮಾರುಗಟ್ಟಲೆ ಹೊರಗೆ ಕೂರಿಸಿ, ಬೇರೆ ಲೋಟದಲ್ಲಿ ಚಹಾ ಕೊಟ್ಟು, ಶಾಲೆಯಲ್ಲಿ ಕೊನೆ ಬೆಂಚು ತೋರಿಸಿ, ಆಮೇಲೆ 'ನಿನಗೆ ಹೀನಮಾನ ಇದೆ, ಬಿಟ್ಟುಬಿಡು' ಅಂದರೆ ಅದು ಗಾಯಕ್ಕೆ ಉಪ್ಪು. ಹೊರಗಿನವರು ಹೇರಿದ್ದು ಬೇರೆ, ಅದನ್ನು ಒಳಗೆ ತಂದು ನಾವೇ ಹೇಳಿಕೊಳ್ಳುವುದು ಬೇರೆ. ಎರಡನೆಯದರ ಮೇಲೆ ಓದು, ಧ್ಯಾನ ಕೆಲಸ ಮಾಡುತ್ತವೆ. ಮೊದಲನೆಯದಕ್ಕೆ ಧ್ಯಾನ ಮದ್ದಲ್ಲ. ಬಾಬಾಸಾಹೇಬರು ನಡೆದ ದಾರಿಯೇ ಅದಕ್ಕೆ ಬೇಕು. ಶಾಂತಿದೇವ ಅನ್ನುವ ಹಳೆಯ ಬೌದ್ಧ ಕವಿ ತನ್ನನ್ನು ತಾನೇ ಕಡೆಗಣಿಸುವುದನ್ನು ಸೋಮಾರಿತನದ ಸಾಲಿಗೆ ಸೇರಿಸಿದ್ದಾನೆ. ಮಾತು ಸರಿ ಇದೆ, ಆದರೆ ಹೊಟ್ಟೆ ತುಂಬಿದವರು ದಣಿದವರಿಗೆ ಅದನ್ನು ಹೇಳಬಾರದು. ನೊಣ, ಸೊಳ್ಳೆಗಳೂ ಪ್ರಯತ್ನದಿಂದ ಬೋಧಿ ಪಡೆಯುತ್ತವೆ ಅಂತ ಅಲ್ಲೇ ಮುಂದೆ ಹೇಳಿದ್ದಾನೆ. ಅದನ್ನು ಹೇಳಲಿ ಬೇಕಾದರೆ.

ಕರ್ಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾವು ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಅಂತ ಸೀವಕ ಅನ್ನುವವನು ಕೇಳಿದಾಗ ಬುದ್ಧ ಒಪ್ಪಲಿಲ್ಲ. ಪಿತ್ತ, ಕಫ, ವಾತ, ಹವೆಯ ಬದಲಾವಣೆ, ಪೆಟ್ಟು ಅಂತ ಎಂಟು ಕಾರಣ ಹೇಳಿದ, ಅದರಲ್ಲಿ ಕರ್ಮ ಒಂದು. ಹುಟ್ಟಿನಿಂದ ಯಾರೂ ಕೀಳಲ್ಲ ಅನ್ನಲು 'ನ ಜಚ್ಚಾ ವಸಲೋ ಹೋತಿ' ಅನ್ನುವ ಗಾಥೆಯೇ ಇದೆ. ಹೂವಿನ ಕಸ ಗುಡಿಸುತ್ತಿದ್ದ ಸುನೀತ ಸಂಘಕ್ಕೆ ಬಂದ. ಶಾಕ್ಯರ ರಾಜಕುಮಾರರು ತಮ್ಮ ಸೊಕ್ಕು ಇಳಿಯಲಿ ಅಂತ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿಸಿ, ಅವನಿಗೆ ತಲೆಬಾಗುವ ಹಾಗೆ ಮಾಡಿಕೊಂಡರು. ಬುದ್ಧ ಹೋದ ಮೇಲೆ ಭಿಕ್ಷುಗಳು ಸೇರಿದ ಮೊದಲ ಸಂಗೀತಿಯಲ್ಲಿ (ಸಭೆಯಲ್ಲಿ) ವಿನಯದ ನಿಯಮಗಳನ್ನು ಹೇಳಿದ್ದು ಅದೇ ಉಪಾಲಿ.

ಬುದ್ಧಿ ಮಂದ ಅಂತ ಕೊರಗುವವರಿಗೆ ಚೂಳಪಂಥಕನ ಕತೆ ಹೇಳುವುದು ರೂಢಿ. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲ. ಸ್ವಂತ ಅಣ್ಣನೇ, ಅವನೂ ಭಿಕ್ಷು, 'ಮನೆಗೆ ಹೋಗು' ಅಂದ. ಬಾಗಿಲ ಹತ್ತಿರ ನಿಂತಿದ್ದವನ ತಲೆ ಸವರಿ, ಕೈ ಹಿಡಿದು, ಬುದ್ಧ ಒಳಗೆ ಕರೆದುಕೊಂಡು ಹೋದ. ಕಾಲೊರೆಸುವ ಬಟ್ಟೆ ಕೊಟ್ಟ. ಅದನ್ನು ಉಜ್ಜುತ್ತಾ, ಅದು ಕೊಳೆಯಾಗುವುದನ್ನು ನೋಡುತ್ತಾ ಅವನಿಗೆ ತಿಳಿಯಿತು. ನನಗೆ ಈ ಕತೆಯಲ್ಲಿ ಹಿಡಿಸಿದ್ದು ಬಟ್ಟೆಗಿಂತ ಆ ಬಾಗಿಲು. ಗಾಥೆ ಕಲಿತು ಬಾ, ಆಮೇಲೆ ಒಳಗೆ ಬಿಡ್ತೀನಿ ಅನ್ನಲಿಲ್ಲ. ಮೊದಲು ಒಳಗೆ ಕರೆದ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಗುಂಪು ಬಿಟ್ಟು ಒಬ್ಬರೇ ಮನೆಯಲ್ಲಿ ಓದಬಹುದು. ನಗುವವರು ಇರುವುದಿಲ್ಲ ನಿಜ. ಆದರೆ ತಪ್ಪು ತಿದ್ದುವವರೂ ಇರುವುದಿಲ್ಲ, 'ನೀವು ಹೇಳಿದ್ದು ಸರಿ' ಅನ್ನುವವರೂ ಇರುವುದಿಲ್ಲ. ಎರಡು ತಿಂಗಳಲ್ಲಿ 'ನನ್ನಂಥವನಿಗೆ' ಅನ್ನುವ ದನಿ ಇನ್ನೂ ಜೋರಾಗುತ್ತೆ. ಮೊಬೈಲಿನಲ್ಲಿ ಬುದ್ಧ ಹೇಳಿದ ಅಂತ ಬರುವ ಮಾತುಗಳಲ್ಲಿ ಬುದ್ಧ ಹೇಳದೇ ಇದ್ದವೇ ಬೇಕಾದಷ್ಟಿವೆ, ಅದೂ ಒಂದು ತೊಡಕು. ಆತ್ಮವಿಶ್ವಾಸ ಹೆಚ್ಚಿಸುವ ಕೋರ್ಸು ಸೇರಬಹುದು. ದುಡ್ಡು ಹೋಗುತ್ತೆ. ಜೊತೆಗೆ ಅಲ್ಲಿ ಹೇಳಿಕೊಡುವುದು ಹೆಚ್ಚಾಗಿ 'ನಾನೇ ಮೇಲು' ಅನ್ನುವುದನ್ನ. ಅದೇ ತಕ್ಕಡಿಯ ಇನ್ನೊಂದು ತಟ್ಟೆ.

ಹಿರಿಯರು ಹೇಳಿದ ಹಾಗೆ ವಂದನೆಯಷ್ಟೇ ಸಾಕು ಅಂತಲೂ ಇರಬಹುದು. ವಂದನೆ ಒಳ್ಳೆಯದು, ದಿನಾ ಮಾಡಿ. 'ಅಷ್ಟೇ ನಿನಗೆ' ಅಂತ ಬೇಲಿ ಹಾಕಿದ್ದು ಮಾತ್ರ ತಪ್ಪು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಲಕ್ಷಾಂತರ ಜನರಲ್ಲಿ ಅಕ್ಷರ ಬಾರದ ಕೂಲಿಕಾರರೂ ಇದ್ದರು. ಬಾಬಾಸಾಹೇಬರು ಸಕ್ಕರೆ ಕಾಯಿಲೆ, ಮಬ್ಬಾಗುತ್ತಿದ್ದ ಕಣ್ಣು ಇಟ್ಟುಕೊಂಡು ಬುದ್ಧನ ಬಗ್ಗೆ ಬರೆದ ಪುಸ್ತಕ ಅವರು ಹೋದ ಮೇಲೆ 1957ರಲ್ಲಿ ಹೊರಬಂತು. ಪಾಲಿ ನಿಘಂಟಿನ ಕೆಲಸವನ್ನೂ ಅವರು ಮಾಡಿದ್ದರು. ಫೋಟೋಕ್ಕೆ ಕೈಮುಗಿದು ಸುಮ್ನೆ ಇರಲಿ ಅಂತ ಅಷ್ಟೆಲ್ಲ ಕಷ್ಟಪಟ್ಟರಾ?

ನಾನು ಹೇಳುವುದು ಜೋಡಿ ಓದು. ಗುಂಪಿನಲ್ಲೋ ಮಿಲ್ಲಿನಲ್ಲೋ ಒಬ್ಬರನ್ನು ಹುಡುಕಿಕೊಳ್ಳಿ. ವಾರಕ್ಕೆ ಎರಡು ದಿನ, ಅರ್ಧ ತಾಸು ಸಾಕು. ಧಮ್ಮಪದ ಅನ್ನುವ ಬುದ್ಧನ ಗಾಥೆಗಳ ಪುಸ್ತಕದಲ್ಲಿ 423 ಗಾಥೆ ಇವೆ. ದಿನಕ್ಕೊಂದರಂತೆ ಹೋದರೂ ಒಂದು ವರ್ಷ ಎರಡು ತಿಂಗಳು. ಅವಸರ ಬೇಡ, ಕೂತ ಹೊತ್ತಿಗೆ ಒಂದೇ ಗಾಥೆ. ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಮನೆಮಾತಿನಲ್ಲಿ ಅರ್ಥ ಹೇಳಲಿ, ಮಾರನೇ ಸಲ ಅದಲುಬದಲು. ಇದರಲ್ಲೂ ಅಪಾಯ ಇದೆ. ಒಬ್ಬರು ಮೆಲ್ಲಗೆ ಗುರುವಾಗಿಬಿಡುತ್ತಾರೆ. ಇಲ್ಲದಿದ್ದರೆ ಚಹಾ ಬಂದ ಮೇಲೆ ಮಾತು ಎಲೆಕ್ಷನ್ನಿಗೆ ತಿರುಗುತ್ತೆ. ಸರದಿ ತಪ್ಪಿಸದಿದ್ದರೆ ಮೊದಲನೆಯದು ಆಗುವುದಿಲ್ಲ. ಎರಡನೆಯದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಗುಂಪು ನಡೆಸುವವರ ಹತ್ತಿರ ಒಂದು ಸಲ ಮಾತಾಡಿ. ಎಲ್ಲರೂ ಸರದಿಯಲ್ಲಿ ಓದಲಿ, ತಿದ್ದುವುದನ್ನು ಕೊನೆಗೆ ಇಟ್ಟುಕೊಳ್ಳೋಣ ಅಂತ ಕೇಳಿ. ನಿಮ್ಮ ಹೆಸರು ಎತ್ತಬಾರದು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಮುಂದಿನ ವಾರ ಎಲ್ಲರೆದುರು ಕನಿಕರ ತೋರಿಸುತ್ತಾರೆ, ಅದು ನಗುವಿಗಿಂತ ಕಷ್ಟ. ಅವರು ಒಪ್ಪದಿದ್ದರೆ ಬೇರೆ ಗುಂಪು ನೋಡಿಕೊಳ್ಳಿ.

ಕುಡಿದ ಗುಟುಕಿನ ವಿಷಯ. ಕುಡಿಯುವುದಿಲ್ಲ ಅನ್ನುವುದೂ ಸೇರಿದ ಪಂಚಶೀಲವನ್ನು ಹೇಳುವಾಗ ಪ್ರತಿ ಸಾಲಿನ ಕೊನೆಗೆ 'ಸಿಕ್ಖಾಪದಂ ಸಮಾದಿಯಾಮಿ' ಅಂತೀವಿ. ನಮ್ಮ ಕಿವಿಗೆ ಶಿಕ್ಷೆ ಅಂದರೆ ದಂಡ. ಪಾಲಿಯ ಸಿಕ್ಖಾ ಅಂದರೆ ಕಲಿಕೆ. ಕಲಿಕೆಯ ಹೆಜ್ಜೆಯನ್ನು ಕೈಗೆತ್ತಿಕೊಳ್ತೀನಿ ಅಂತ ಹೇಳುವ ಮಾತು ಅದು. ಎಡವಿದರೆ ಮತ್ತೆ ಹೇಳಿಕೊಂಡು ಮುಂದೆ ನಡೆಯುವುದು. ಹಾಗಂತ ಮುಂದಿನ ಜಾತ್ರೆಗೆ ರಜೆ ಕೊಟ್ಟಿದ್ದೀನಿ ಅಂದುಕೊಳ್ಳಬೇಡಿ.

ಒಂದನ್ನು ನೀವೇ ನೋಡಿಕೊಳ್ಳಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮಿಲ್ಲಿನ ಕೆಲಸದಲ್ಲೂ ಮಕ್ಕಳ ಜೊತೆಗೂ 'ನಾನು ಯಾತಕ್ಕೂ ಬಾರದವನು' ಅನ್ನಿಸುತ್ತಿದೆ, ಎರಡು ವಾರಕ್ಕೂ ಮೇಲಾಗಿದೆ ಅಂದರೆ ಅದು ಓದಿನ ತೊಂದರೆ ಅಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದಕ್ಕೆ ಗಾಥೆ ಸಾಕಾಗುವುದಿಲ್ಲ.

ಅದೇನೂ ಇಲ್ಲ ಅಂದರೆ, ಒಂದು ರಜೆಯ ದಿನ ಮಸ್ಕಿಗೆ ಹೋಗಿಬನ್ನಿ. ಬ್ರಾಹ್ಮಿ ಲಿಪಿ ಓದಲು ಬರುವುದಿಲ್ಲ ಅಂತ ಚಿಂತೆ ಬೇಡ, ನಿಮ್ಮ ಗುಂಪಿನ ವಕೀಲರಿಗೂ ಬರುವುದಿಲ್ಲ. ಬಂದ ಮೇಲೆ ಭಾನುವಾರದ ಓದಿಗೆ ಹೋಗಿ. ಲೆಕ್ಕ ಬರೆಯುವ ಪುಸ್ತಕದಂಥದೇ ಒಂದು ನೋಟ್‌ಬುಕ್ಕಿನಲ್ಲಿ ಒಂದು ಗಾಥೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಅರ್ಥವಾಗದ ಒಂದು ಪದಕ್ಕೆ ಗೆರೆ ಎಳೆದಿರಿ. 'ಇದಕ್ಕೆ ಸುಲಭದ ಕನ್ನಡ ಏನ್ರಿ?' ಅಂತ ಕೇಳಿ. ಯಾರು ಏನು ಉತ್ತರ ಕೊಟ್ಟರು ಅಂತ ನನಗೂ ಬರೆಯಿರಿ.